ಹಗುರ ಪೆಟ್ಟಿಗೆ

ನವೆಂಬರ್ 4, ಆಳಂದ

ಇವತ್ತೂ ಕರೆಂಟ್ ಸ್ಟೇಷನ್ನಿನ ರಿಲೇ ಪರೀಕ್ಷಿಸುವ ಟೆಸ್ಟಿಂಗ್ ಸೆಟ್ ಜೀಪಿನಿಂದ ಇಳಿಸಲು ಬಿಡಲಿಲ್ಲ. ಡ್ರೈವರ್ ಖಲೀಲ ಗದರಿಸಿಯೇಬಿಟ್ಟ. "ಹೊಟ್ಟ್ಯಾಗ ಕೂಸು ಇಟ್ಕೊಂಡು ಇಷ್ಟ್ ಭಾರ ಎತ್ತತೀರೇನ್ರಿ ಮೇಡಂ? ಸರೀರಿ ಆಕಡೆ."

ಹಳೇ ಸೆಟ್ಟಿಗೂ ಆಯಸ್ಸು ಮುಗಿದಿದೆ. ಸುಟ್ಟ ವಾಸನೆ. ಹೊಸದು ಆರಿಸುವ ಕೆಲಸ ನನಗೇ ಬಂತು. ವ್ಯಂಕಟೇಶ ಸಾಹೇಬರದು ಒಂದೇ ಮಾತು: "ಹಗುರಂದು ತಗೋವಾ. ಒಬ್ರೇ ಒಯ್ಯುವಂಗ ಇರ್ಬೇಕು. ಇಲ್ಲಾಂದ್ರ ನಿನ್ನ ಆಫೀಸ್‌ನಾಗ ಕೂಡಸ್ತೇನಿ."

ಆಫೀಸಿನಲ್ಲಾ? ಒಲ್ಲೆ. ಹಗುರದ್ದೇ ತಗೊಳ್ಳೋದು.

ನವೆಂಬರ್ 11, ಜೇವರ್ಗಿ

ಪೆಟ್ಟಿಗೆ ಮಾರುವ ಕಂಪನಿಯ ನಿಶಾತ ಡೆಮೊ ಕೊಟ್ಟ. ಎತ್ತಿ ನೋಡಿದೆ — ಒಂದೇ ಕೈ ಸಾಕು! ಅದನ್ನು ಹಚ್ಚಿ ನೋಡಿದ ಹೊಸ ಡಿಜಿಟಲ್ ರಿಲೇ ಎಲ್ಲ ಪಾಸ್. ಪ್ರೀತಿಯೇ ಹುಟ್ಟಿತು ಅದರ ಮೇಲೆ.

ಆದರೆ ನಮ್ಮಲ್ಲಿ ಅರ್ಧಕ್ಕರ್ಧ ತಟ್ಟೆ ತಿರುಗುವ ಹಳೇ ರಿಲೇ. ನನಗಿಂತ ಹಿರಿಯವು. ತಂತಿ ಹರಿದು ಬಿದ್ದರೆ ಲೈನ್ ಕಟ್ ಮಾಡಬೇಕಾದ್ದು ಅವೇ. ಅವಕ್ಕೆ ಹಚ್ಚಿ ತೋರಿಸು ಅಂದೆ. "ಆಗ್ತದ್ರಿ ಮೇಡಂ..." ಅಂದ, ಸ್ವಲ್ಪ ತಡೆದು. ಆ ತಡೆದದ್ದು ಹಿಡಿಸಲಿಲ್ಲ.

ನವೆಂಬರ್ 13, ಸಂಜೆ

ಅಫಜಲಪುರ ಕಡೆಯ ಸ್ಟೇಷನ್. ಅತನೂರ ಹೊಲಗಳಿಗೆ ಹೋಗುವ ಫೀಡರ್ ಲೈನ್ ಬಂದ್ ಮಾಡಿ ಅದರ ಹಳೇ ರಿಲೇಗೆ ಪೆಟ್ಟಿಗೆ ಹಚ್ಚಿದೆವು. ಸ್ವಲ್ಪ ಕರೆಂಟಿಗೆ ಸರಿ. ಏರಿಸಿದರೆ 'ಓವರ್‌ಲೋಡ್'. ಹಳೇ ರಿಲೇಯ ಕಾಯಿಲ್‌ನಲ್ಲಿ ಅಷ್ಟು ಕರೆಂಟ್ ದೂಡುವ ತಾಕತ್ತು ಈ ಹಗುರ ಪೆಟ್ಟಿಗೆಗಿಲ್ಲ.

ನಿಶಾತ ನಕ್ಕ. "ಎಲ್ಲಾ ಕಡೆ ಹಿಂಗ ಮಾಡ್ತೇವ್ರಿ." ಎಷ್ಟು ಕರೆಂಟಿಗೆ ಲೈನ್ ಕಟ್ ಆಗಬೇಕೆಂದು ಗೊತ್ತುಮಾಡುವ ರಿಲೇಯ ಪ್ಲಗ್ ಕಿತ್ತು ದೊಡ್ಡ ಸೆಟ್ಟಿಂಗಿನ ತೂತಿಗೆ ಹಾಕಿದ. ಅಲ್ಲಿ ಕಾಯಿಲ್ ಒಡ್ಡುವ ತಡೆ ಕಡಿಮೆ, ದೂಡುವುದು ಸುಲಭ. ತಟ್ಟೆ ತಿರುಗಿತು. ಪಾಸ್! ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ದ ಹಾಗೆ. ಆದರೂ ಖುಷಿಯಾಯ್ತು, ಸುಳ್ಳೇಕೆ.

ಎಲ್ಲರೂ ಚಹಾ ಕುಡಿದೆವು. ಆಪರೇಟರ್ ದೌಲತರಾಯ "ಲೈನ್ ಚಾಲೂ ಮಾಡ್ಲೇನ್ರಿ?" ಅಂದ. ಹ್ಞೂಂ ಅನ್ನುವವಳಿದ್ದೆ. ರಿಲೇಯ ಗಾಜಿನ ಮುಚ್ಚಳ ಹಾಕಲು ಹೋದೆ — ಪ್ಲಗ್ ಇನ್ನೂ ದೊಡ್ಡ ತೂತಿನಲ್ಲೇ! ಹಾಗೇ ಬಿಟ್ಟಿದ್ದರೆ ತಂತಿ ಹರಿದು ಬಿದ್ದರೂ ರಿಲೇ ಸುಮ್ಮನೆ ಕೂತಿರುತ್ತಿತ್ತು. ಅಷ್ಟು ಜನ ನಿಂತಿದ್ದೆವು, ಒಬ್ಬರಿಗೂ ನೆನಪಾಗಲಿಲ್ಲ. ಆ ಹೊಲಗಳಿಗೆ ನಮ್ಮವ್ವ ಈಗಲೂ ಹತ್ತಿ ಬಿಡಿಸಲು ಹೋಗುತ್ತಾಳೆ.

ಪ್ಲಗ್ ಅದರ ಜಾಗಕ್ಕೆ ಹಾಕಿ, ಆಮೇಲೆ ಲೈನ್ ಚಾಲೂ ಮಾಡಿಸಿದೆ.

ನವೆಂಬರ್ 14

ಬರೆದು ಕೊಟ್ಟೆ: ಭಾರದ್ದೇ ಬೇಕು. ಎರಡು ಪೆಟ್ಟಿಗೆಯಾಗಿ ಬಿಚ್ಚುವಂಥದ್ದು. ಪ್ಲಗ್ ಮುಟ್ಟದೆ ಟೆಸ್ಟ್ ಆಗಬೇಕು.

ಸಾಹೇಬರು ಕನ್ನಡಕ ತೆಗೆದರು. "ಯಾರು ಎತ್ತೋರವಾ ಇದನ್ನ?"

"ಎತ್ತೋರು ಸಿಗ್ತಾರ್ರಿ ಸರ್. ಪ್ಲಗ್ ಮರತ್ರ ನಮ್ಮವ್ವ ಸಿಗಂಗಿಲ್ಲ."

"ಹಂಗಾರ ನೀ ಆಫೀಸ್‌ನಾಗ ಕೂಡಬೇಕಾಗ್ತದ, ನೋಡು."

"ಕೂಡ್ತೇನ್ರಿ. ಸಹಿ ಮಾಡ್ರಿ."

ಮಾಡಿದರು. ಹೊರಗೆ ಬಂದು ಅತ್ತೆ.

ಡಿಸೆಂಬರ್ 9

ಇಷ್ಟು ದಿನ ಟೇಬಲ್. ಫೈಲು, ಫ್ಯಾನು, ಬೇಜಾರು. ಆದರೆ ಇನ್ನೊಮ್ಮೆ ಕೇಳಿದರೂ ಭಾರದ್ದೇ ಬೇಕು ಅಂತಲೇ ಬರೆಯುತ್ತೇನೆ. ನಾಳೆ ಪೆಟ್ಟಿಗೆ ಬರುತ್ತಂತೆ.

ಡಿಸೆಂಬರ್ 10

ಮುಂಜಾನೆ ಅಂಗಳದಲ್ಲಿ ಗದ್ದಲ. ಕಿಟಕಿಯಿಂದ ನೋಡಿದೆ. ಖಲೀಲ ಒಂದು ಪೆಟ್ಟಿಗೆ ಜೀಪಿಗೆ ಹಾಕುತ್ತಿದ್ದ. ಇನ್ನೊಂದು — ಸಾಹೇಬರೇ! ಏದುಸಿರು ಬಿಡುತ್ತಾ.

"ಏನ್ ನೋಡಾಕತ್ತಿ ಅಲ್ಲಿಂದ? ಮೀಟರ್ ತಗೊಂಡು ಬಾ. ಎತ್ತೋರು ಸಿಕ್ಕಾರ. ಟೆಸ್ಟ್ ಮಾಡೋರು ಬೇಕಲ್ಲ?"

ಈಗ ಅದೇ ಸ್ಟೇಷನ್, ಅದೇ ರಿಲೇ. ದೌಲತರಾಯ ಕುರ್ಚಿ ತಂದಿಟ್ಟಿದ್ದಾನೆ. ಪ್ಲಗ್ ನೋಡಿದೆ, ಮತ್ತೊಮ್ಮೆ ನೋಡಿದೆ. ಅದರ ಜಾಗದಲ್ಲೇ ಇದೆ. ಕರೆಂಟ್ ಏರಿಸು ಬಾ ಅಂತ ಸಾಹೇಬರು ಕೂಗುತ್ತಿದ್ದಾರೆ, ಹೋಗ—