ಎರಡು ಹಲ್ಲು ಮುರಿದ ಹಣಿಗೆ

ಲಿಂಗಸುಗೂರು
೯ ಆಗಸ್ಟ್ ೨೦೨೫

ಪ್ರೀತಿಯ ನಾನಿಗೆ ನಿನ್ನ ಮೊಮ್ಮಗಳು ಕಹಕಶಾ ಮಾಡುವ ಸಲಾಂ.

ಹೊಸ ಮೊಣಕಾಲು ಹೇಗಿದೆ? ಹೈದರಾಬಾದಿನ ಡಾಕ್ಟರು ದಿನಕ್ಕೆ ನೂರು ಹೆಜ್ಜೆ ನಡೆ ಅಂದರೆ, ನೀನು ಅಡುಗೆಮನೆಗೆ ಹೋಗಿ ವಸೀಮಾ ಮಾಮಿಯ ಸಾರಿಗೆ ಹುಳಿ ಸಾಲದು ಅಂತ ಹೇಳಿ ಬರುವುದರಲ್ಲೇ ನೂರನ್ನೂ ಮುಗಿಸುತ್ತೀಯಂತೆ. ಮಾಮಿಯೇ ಹೇಳಿದರು. ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ಅವರು ಸ್ಪೀಕರ್ ಹಾಕಿ ಯೂನುಸ್ ಮಾಮನಿಂದ ಹಿಡಿದು ಹಾಲಿನವನವರೆಗೆ ಎಲ್ಲರನ್ನೂ ಸುತ್ತ ಕೂರಿಸುತ್ತಾರೆ. ಉರ್ದುವಿನಲ್ಲಿ ಬರೆದರೆ ನನ್ನ ಅಕ್ಷರ ನೋಡಿ ನೀನು ನಗುತ್ತೀ. ಅದಕ್ಕೇ ಮುದಗಲ್ಲಿನ ಶಾಲೆಯಲ್ಲಿ ನೀನು ನಾಲ್ಕನೆಯ ತರಗತಿವರೆಗೆ ಕಲಿತ ಕನ್ನಡವನ್ನು ನಂಬಿ ಕೂತಿದ್ದೇನೆ.

ಮೊದಲು ಒಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ಹೈದರಾಬಾದಿಗೆ ಹೊರಡುವಾಗ ಹುಡುಕಿ ಹುಡುಕಿ ಸಿಗದೆ ಪಕ್ಕದ ಮನೆಯ ಮಾಬುಬೀಯನ್ನು ಬೈದೆಯಲ್ಲ, ಆ ಎರಡು ಹಲ್ಲು ಮುರಿದ ಕಟ್ಟಿಗೆಯ ಹಣಿಗೆ ನನ್ನ ಚೀಲದಲ್ಲಿದೆ. ನೀನು ಮಾಬುಬೀಯ ಕ್ಷಮೆ ಕೇಳು, ನಾನು ನಿನ್ನದನ್ನು ಕೇಳುತ್ತೇನೆ. ಕದ್ದದ್ದು ವಿದ್ಯೆಗಾಗಿ. ನನ್ನ ಸಂಶೋಧನೆ ನಿನಗೆ ಗೊತ್ತು: ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹೆಂಗಸರು ಬಸಿರಾದ ಮೇಲೆ ದವಾಖಾನೆಯಲ್ಲಿ ಹೆಸರು ಬರೆಸಲು ಯಾಕೆ ತಡ ಮಾಡುತ್ತಾರೆ ಎಂಬುದು. ಕೂಸಿನ ಬೆನ್ನುಹುರಿ ಮೊದಲ ತಿಂಗಳುಗಳಲ್ಲೇ ಕೂಡಿಕೊಳ್ಳುತ್ತದೆ, ಫೋಲಿಕ್ ಗುಳಿಗೆ ಬೇಕಾಗುವುದು ಆಗಲೇ. ನಮ್ಮವರು ಬಾಯಿ ಬಿಡುವುದು ನಾಲ್ಕನೆಯದರಲ್ಲಿ. ಈ ತಡಕ್ಕೆ ಮುದಗಲ್ಲಿನ ಮಟ್ಟಿಗೆ ಮೂಲಕರ್ತೆ ನೀನೇ. "ಹೊಟ್ಟ್ಯಾಗಿನ ಮಾತು ಮೂರು ತಿಂಗಳು ಹೊಟ್ಟ್ಯಾಗ ಇರಬೇಕು ಬೇಟಿ, ದೃಷ್ಟಿ ಆಕ್ಕೈತಿ" ಅಂತ ಓಣಿಯ ಬಸುರಿಯರಿಗೆಲ್ಲ ಹೇಳಿದ ಸೂಲಗಿತ್ತಿ ಅಖ್ತರಬೇಗಂ ನೀನೇ ತಾನೇ. ಹಾಗಾಗಿ ನನ್ನ ಇಡೀ ಪ್ರಬಂಧ ನಿನ್ನ ವಿರುದ್ಧವೇ ಇದೆ. ಗೈಡ್ ಮೇಡಂಗೆ ಇದನ್ನು ಹೇಳಿಲ್ಲ. ಹೇಳಲು ಅವರು ಸಿಗಬೇಕಲ್ಲ, ಅವರು ದಾರಿ ತೋರಿಸುವುದಕ್ಕಿಂತ ದಾರಿ ಕಾಯಿಸುವುದೇ ಹೆಚ್ಚು.

ಪ್ರಶ್ನಾವಳಿ ಹಿಡಿದು ಎದುರಿಗೆ ಕೂತರೆ ಯಾರೂ ನಿಜ ಹೇಳಲಿಲ್ಲ. ಗುರುಗುಂಟಾದಲ್ಲಿ ಎಲ್ಲರೂ "ಚಲೋ ಐತ್ರಿ" ಅಂದರು, ಮಸ್ಕಿಯಲ್ಲಿ ಚಹಾ ಕುಡಿಸಿ ಕಳಿಸಿದರು. ಆಗ ನೆನಪಾದದ್ದು ಬೇಸಿಗೆ ರಜೆಯ ನಿಮ್ಮ ಮನೆಯ ಕಟ್ಟೆ. ಬಂದವಳನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ, ಮೇಲೆ ನೀನು ಕೂತು, ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು ತಲೆ ಬಾಚತೊಡಗುತ್ತಿದ್ದೆ. ಸಿಕ್ಕು ಬಿಡುವಷ್ಟರಲ್ಲಿ ಅವಳ ಮಾತೂ ಬಿಡುತ್ತಿತ್ತು. "ಮಾರಿ ನೋಡಿ ಕೇಳಿದರ ಹೆಣ್ಮಗಳು ಸುಳ್ಳು ಹೇಳ್ತಾಳ, ಹಿಂದ ಕುಂತು ಕೇಳು" ಅನ್ನುತ್ತಿದ್ದೆ. ಬೆನ್ನ ಹಿಂದೆ ಮಾತಾಡುವುದು ಕೆಟ್ಟ ಚಾಳಿ ಅಂತ ಊರೆಲ್ಲ ಹೇಳುವಾಗ ನೀನು ಅದನ್ನೇ ಮದ್ದು ಮಾಡಿಕೊಂಡಿದ್ದೆ. ನನಗೆ ಮಾತ್ರ ಒಳಗೆ ಹೋಗಿ ಮಾವಿನಹಣ್ಣು ತಿನ್ನು ಅನ್ನುತ್ತಿದ್ದೆ. ನಾನು ಬಾಗಿಲ ಹಿಂದೆ ನಿಂತು, ಹಣ್ಣಿನ ರಸ ಮೊಣಕೈವರೆಗೆ ಇಳಿಸಿಕೊಂಡು, ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ. ನನ್ನ ಮೊದಲ ಕ್ಷೇತ್ರಕಾರ್ಯ ಅದೇ.

ಎರಡು ವರ್ಷದ ಹಿಂದಿನ ರಂಜಾನೂ ಅದೇ ಕಟ್ಟೆಯ ಮೇಲಲ್ಲವೇ? ನಾನು ಎಲ್ಲರಿಗೂ ಶೀರ್‌ಖುರ್ಮಾ ಪಾಯಸದ ಜೊತೆ ಬಸಿರಾದ ಸುದ್ದಿಯನ್ನೂ ಹಂಚಿದೆ. ಹತ್ತನೆಯ ದಿನಕ್ಕೆ ಇಳಿದುಹೋಯಿತು. ನಲವತ್ತು ದಿನ ನೀನು ನನ್ನ ತಲೆ ಬಾಚಿದೆ, ಒಂದು ದಿನ ಮಾತ್ರ "ಭಾಳ ಜಲ್ದಿ ಹೇಳಿಬಿಟ್ಟಿ ಬೇಟಿ" ಅಂದೆ. ಬೈಗುಳವಲ್ಲ ಅದು, ನಿನ್ನ ಸಂಕಟ. ಆದರೂ ಆ ಸಿಕ್ಕು ಈವರೆಗೆ ಬಿಟ್ಟಿಲ್ಲ.

ಹೋದ ವಾರ ಗೊರೇಬಾಳಕ್ಕೆ ಹೋಗಿದ್ದೆ. ಕಾಲುವೆಗೆ ನೀರು ಬಂದು ನಾಟಿ ನಡೆದಿತ್ತು. ಅಂಬಮ್ಮ ಎಂಬವರು ಬಾಗಿಲಲ್ಲೇ "ನಮ್ಮ ಮನ್ಯಾಗ ಬಸುರಿ ಬಾಣಂತಿ ಯಾರೂ ಇಲ್ಲವ್ವಾ, ಮುಂದಿನ ಮನಿ ನೋಡು" ಅಂದರು. ಹಿತ್ತಿಲಲ್ಲಿ ಅವರ ಸೊಸೆ ಅಶ್ವಿನಿ ವಾಂತಿ ಮಾಡುತ್ತಿದ್ದಳು. ನಾನು ಕಾಗದ ಒಳಗಿಟ್ಟು ಹಣಿಗೆ ತೆಗೆದೆ. ಸೊಸೆಯ ತಲೆ ಬಾಚುತ್ತೇನೆ ಅಂದದ್ದಕ್ಕೆ ಅಂಬಮ್ಮ ಬೇಡ ಅನ್ನಲಿಲ್ಲ. ಅರ್ಧ ಜಡೆ ಆಗುವಷ್ಟರಲ್ಲಿ ಹುಡುಗಿ ಮೆಲ್ಲಗೆ, "ಎರಡು ತುಂಬ್ಯಾವ್ರಿ ಅಕ್ಕಾ. ನಮ್ಮತ್ತೆಗೆ ಗೊತ್ತೈತಿ, ಆದರ ಗೊತ್ತಿಲ್ಲ" ಅಂದಳು. ಈ ಒಂದು ವಾಕ್ಯಕ್ಕೆ ಡಾಕ್ಟರೇಟ್ ಕೊಡಬೇಕು ನಾನಿ, ನನಗಲ್ಲ, ಅವಳಿಗೆ. ಹೇಳಿದರೆ ಗರ್ಭ ಇಳಿಯುವುದಿಲ್ಲ, ಹೇಳದಿದ್ದರೆ ಗುಳಿಗೆ ಸಿಗುವುದಿಲ್ಲ ಅಂತ ನಾನು ಸಿಂಧನೂರಿನ ಕಾಲೇಜು ಹುಡುಗಿಯರಿಗೆ ಮಾಡುವ ಪಾಠವನ್ನೇ ಮಾಡಿದೆ. ಕೇಳಿಸಿಕೊಂಡು ಅವಳು, "ನೀವಾದರ ಜಲ್ದಿ ಹೇಳ್ತಿದ್ರೇನ್ರಿ?" ಅಂದಳು. ಹಣಿಗೆ ನಡುಜಡೆಯಲ್ಲಿ ನಿಂತಿತು. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಪುಣ್ಯ. ಮರುದಿನ ಅಂಬಮ್ಮನೇ ಸೊಸೆಯನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿದರಂತೆ. ಹೋಗುವಾಗ ಓಣಿಯವರಿಗೆ "ಕೆಮ್ಮಿಗೆ ಹೊಂಟೀವಿ" ಅಂದರಂತೆ.

ಮಾಮನಿಗೆ, ಮಾಮಿಗೆ ಸಲಾಂ. ನನ್ನ ಗಂಡ ಮಹಾಶಯ ಆಸೀಮ್ ನಿನ್ನ ಮೊಣಕಾಲಿಗೆ ಪ್ರತ್ಯೇಕ ಸಲಾಂ ಹೇಳಿದ್ದಾನೆ. ಔಷಧ ಬಿಡಬೇಡ, ಮಾಮಿಯ ಸಾರನ್ನು ಬೈಯಬೇಡ. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಕಳ್ಳಿ,
ಕಹಕಶಾ

ತಾ.ಕ.: ಇದನ್ನು ಮಾಮಿಗೆ ಓದಲು ಕೊಡಬೇಡ. ಅಶ್ವಿನಿಯ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಯಾಕೆಂದರೆ ಅವತ್ತು ನನಗೆ ಎಂಟನೇ ವಾರ. ಆಸೀಮ್‌ನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ, ಅಮ್ಮಿಗೂ ಇಲ್ಲ. ಊರಿಗೆಲ್ಲ ಬುದ್ಧಿ ಹೇಳಿ ನಾನೇ ಹೊಟ್ಟೆಯ ಮಾತು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನಿನ್ನೆ ಆಶಾ ಕಾರ್ಯಕರ್ತೆ ರಹೀಮಾಬೀಯ ಹತ್ತಿರ ಹೆಸರು ಬರೆಸಿದೆ, ಗುಳಿಗೆ ಶುರುವಾಗಿದೆ. ಮೂರು ತುಂಬುವ ಮೊದಲೇ ನಿನಗೆ ಹೇಳುತ್ತಿದ್ದೇನೆ ನಾನಿ. ಈ ಸಲ ಏನೇ ಆದರೂ, ಹೇಳಿದ್ದಕ್ಕೆ ಆಯಿತು ಅನ್ನಬೇಡ. ಮೊಣಕಾಲು ಬಸ್ಸು ಹತ್ತುವಂತಾದ ದಿನ ಬಾ. ಹಣಿಗೆ ಇಲ್ಲೇ ಇದೆ. ಎಲ್ಲರ ಹಿಂದೆ ಕೂತು ಬಾಚುತ್ತೇನೆ, ನನ್ನ ಹಿಂದೆ ನಾನೇ ಕೂರಲು ಬರುವುದಿಲ್ಲ.