ಕೈಬಿಟ್ಟ ಸಾಲು

ಮಾರ್ಚ್ 4, ಸೋಮವಾರ

ಬೆಳಿಗ್ಗೆಯೇ ಮೂರು ಶುಭಾಶಯ ಮುಗಿಸಿದೆ. ವಿದೇಶಾಂಗ ಖಾತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಯಾವ ದೇಶದ ರಾಷ್ಟ್ರೀಯ ದಿನ ಬಂತೋ ಅದರ ಹೋದ ವರ್ಷದ ಪತ್ರ ತೆಗೆ, ತಾರೀಖು ಬದಲಿಸು, ಮಂತ್ರಿಗಳ ಸಹಿಗೆ ಕಳಿಸು. ನಮ್ಮದು ದೊಡ್ಡ ದೇಶ — ಪ್ರಪಂಚವನ್ನು ನಾಲ್ಕು ಮೇಜಿಗೆ ಹಂಚಿಕೊಂಡು ಕೂತಿದ್ದೇವೆ. ಪೂರ್ವ, ದಕ್ಷಿಣ, ದ್ವೀಪಗಳು, ಮರಳುನಾಡು. ನಾನು ಪೂರ್ವ. ದೇಶಗಳನ್ನು ಫೈಲ್ ನಂಬರಿನಿಂದ ಕರೆಯುವುದು ರೂಢಿ.

ಆಮೇಲೆ ಹದಿನೇಳರ ಪತ್ರ. ತಂಗಿ ಇರುವ ದೇಶ. ಅಲ್ಲಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್, ಅಲ್ಲಿಯವನನ್ನೇ ಮದುವೆಯಾಗಿದ್ದಾಳೆ. ಬಂದರಿನ ಒಪ್ಪಂದದ ಬಗ್ಗೆ ಎರಡು ಸಾಲು ಸೇರಿಸಿ ಎಂದರು ಮೇಲಿನವರು. ಸೇರಿಸಿದೆ. ಕೊನೆಯ ಸಾಲು ಎರಡನೇ ಪುಟಕ್ಕೆ ಜಾರಿತು. ಮಂತ್ರಿಗಳು ಸಹಿ ಮಾಡುವ ಪತ್ರ ಒಂದೇ ಪುಟ ಇರಬೇಕು, ಅಕ್ಷರ ಸಣ್ಣದು ಮಾಡುವಂತಿಲ್ಲ.

“ಹೇಗಾದ್ರೂ ಒಂದೇ ಪುಟಕ್ಕೆ ತನ್ನಿ ಮೇಡಂ” — ಅಲ್ಪವಿರಾಮ. ನಮ್ಮ ಸೆಕ್ಷನ್ ಹೆಡ್. ಏನು ಕೊಟ್ಟರೂ ಒಂದು ಅಲ್ಪವಿರಾಮ ಸರಿಸಿ ಪಾಸು ಮಾಡುತ್ತಾರೆ, ಅದಕ್ಕೇ ಆ ಹೆಸರು.

‘ನಿಮ್ಮ ಗಡಿಗಳ ರಕ್ಷಣೆಗೆ ನಾವು ನಿಮ್ಮ ಜೊತೆ ನಿಲ್ಲುತ್ತೇವೆ.’ ಇದನ್ನು ತೆಗೆದೆ. ಹದಿನಾಲ್ಕು ವರ್ಷದಿಂದ ಇರುವ ಸಾಲು, ಯಾರು ಓದುತ್ತಾರೆ. ಅವರು ಅಲ್ಪವಿರಾಮ ಸರಿಸಿದರು. ಪತ್ರ ಹೋಯಿತು.

ಮಾರ್ಚ್ 8

ಓದುತ್ತಾರೆ.

ಹದಿನೇಳರ ಪಕ್ಕದ ದೇಶ ಹದಿನೆಂಟು. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಹದಿನೆಂಟರ ಒಂದು ಪತ್ರಿಕೆ ಹದಿನೇಳಕ್ಕೆ ನಾವು ಬರೆದ ಹೋದ ವರ್ಷದ ಪತ್ರ, ಈ ವರ್ಷದ ಪತ್ರ ಅಕ್ಕಪಕ್ಕ ಅಚ್ಚು ಹಾಕಿದೆ. ಇಲ್ಲದ ಸಾಲಿನ ಜಾಗಕ್ಕೆ ಕೆಂಪು ಗೆರೆ. ತಲೆಬರಹ: ‘ದೊಡ್ಡಣ್ಣ ಕೈಬಿಟ್ಟ.’

ದಕ್ಷಿಣದ ಮೇಜಿನವರಿಗೆ ಭಾರಿ ಮೆಚ್ಚಿಗೆ. “ಯಾರ ತಲೆ ಓಡಿದ್ದೋ ಕಣ್ರೀ. ಬಾಯೇ ಬಿಡದೆ ಹೇಳೋದೆಲ್ಲ ಹೇಳಿಬಿಟ್ರು.”

ನಾನೂ ನಕ್ಕೆ. ನಕ್ಕು, ಪತ್ರಿಕೆಯನ್ನು ಮಡಚಿಟ್ಟೆ.

ಮಾರ್ಚ್ 12, ಬೆಳಿಗ್ಗೆ 7

ಹದಿನೆಂಟು ಗಡಿಗೆ ಸೇನೆ ತಂದಿದೆ. ಬರೀ ಅಭ್ಯಾಸವಂತೆ. ತಂಗಿಗೆ ಫೋನ್ ಮಾಡಿ ಹೊರಟು ಬಾ ಎಂದೆ.

“ಈ ವಾರ ಹನ್ನೊಂದು ಹೆರಿಗೆ ಇದಾವೆ ಅಕ್ಕ, ಹೇಗೆ ಬರ್ಲಿ? ಬೇರೆ ನರ್ಸ್‌ಗಳೆಲ್ಲ ಹೊರಡ್ತಿದ್ರು. ನಾನೇ ಹೇಳಿ ನಿಲ್ಲಿಸಿದೀನಿ — ನಮ್ಮಕ್ಕನ ದೇಶ ಇದೆ, ಬಿಟ್ಟುಕೊಡಲ್ಲ ಅಂತ. ಯಾಕೆ, ನಿಂಗೇನಾದ್ರೂ ಗೊತ್ತಾ?”

ಇಲ್ಲ ಎಂದೆ. ಸುಳ್ಳು. ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಹೆದರಿಕೆ ನನ್ನ ಬಗ್ಗೆಯೂ ಇದೆ, ಬರೆದುಕೊಳ್ಳಲು ನಾಚಿಕೆ.

ಮಾರ್ಚ್ 13

ಅಲ್ಪವಿರಾಮರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಎದ್ದು ಬಾಗಿಲು ಹಾಕಿದರು.

“ನಿನ್ನೆ ಸಭೇಲಿ ಮಂತ್ರಿಗಳೇ ಹೇಳಿದಾರೆ, ಬಹಳ ಯೋಚನೆ ಮಾಡಿ ತೆಗೆಸಿದ ಸಾಲು ಅದು ಅಂತ. ಅವರು ಯೋಚನೆ ಮಾಡಿದ್ಮೇಲೆ ನೀವು ತಪ್ಪು ಮಾಡಿರೋಕೆ ಹೇಗಾಗುತ್ತೆ?”

“ಒಂದು ತಿದ್ದುಪಡಿ ಕಳಿಸಿ ಸರ್. ಒಂದೇ ಸಾಲು. ಈಗ ಉಗುರಲ್ಲಿ ಹೋಗುತ್ತೆ, ಆಮೇಲೆ ಕೊಡಲಿ ಬೇಕಾಗುತ್ತೆ.”

“ಮರೆತುಬಿಟ್ವಿ ಅಂತ ನಮ್ಮಂಥ ದೇಶ ಬರೆದುಕೊಡುತ್ತಾ ಮೇಡಂ? ನಾಳೆ ನಮ್ಮ ಯಾವ ಮಾತನ್ನ ಯಾರು ನಂಬ್ತಾರೆ?”

ತಮ್ಮ ಚಹಾವನ್ನು ನನ್ನ ಕಡೆ ಸರಿಸಿದರು. ಪತ್ರದ ಕಚೇರಿ ಪ್ರತಿಯನ್ನು ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಪಾಸು ಮಾಡಿದ್ದಕ್ಕೆ ಅದರಲ್ಲಿ ಅವರ ಸಹಿಯೂ ಇದೆಯಲ್ಲ.

ಮಾರ್ಚ್ 18

ನಾಲ್ಕು ದಿನ ಜ್ವರವೆಂದು ರಜೆ ಹಾಕಿದ್ದೆ. ಜ್ವರ ಇರಲಿಲ್ಲ.

ಇವತ್ತು ಬಂದರೆ ಸುತ್ತೋಲೆ. ಇನ್ನು ಮುಂದೆ ಯಾವ ಪ್ರದೇಶದ ಪತ್ರದಲ್ಲೂ ಆ ಸಾಲು ಇರಕೂಡದು, ಪೂರ್ವದ ಮೇಜಿನ ಮಾದರಿ ಅನುಸರಿಸುವುದು. ಮೂರೂ ಮೇಜಿನವರು ಸಾಲಾಗಿ ನನ್ನ ಹತ್ತಿರ ಬಂದರು. ದಕ್ಷಿಣಕ್ಕೆ ಒಂಬತ್ತು ದೇಶ, ದ್ವೀಪಗಳಿಗೆ ಆರು, ಮರಳುನಾಡಿಗೆ ಐದು. ಪ್ರತಿಯೊಂದಕ್ಕೂ ಒಬ್ಬ ಪಕ್ಕದವನಿದ್ದಾನೆ. ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿದ ಕೋತಿ ನಾನು.

ಮಾದರಿ ಕೇಳಿದರು. ಕೊಟ್ಟೆ.

ಮಾರ್ಚ್ 20, ಬೆಳಿಗ್ಗೆ 6

ಹದಿನೆಂಟು ಗಡಿ ದಾಟಿದೆ. ಏಳನೇ ಸಲಕ್ಕೆ ಫೋನ್ ಸಿಕ್ಕಿತು. ಹಿಂದೆ ಕೂಸುಗಳ ಅಳು. ಬಾಣಂತಿಯರನ್ನು ನೆಲಮಾಳಿಗೆಗೆ ಇಳಿಸುತ್ತಿದ್ದಾಳೆ.

“ನಿಮ್ಮ ಸೇನೆ ಎಷ್ಟೊತ್ತಿಗೆ ಬರುತ್ತೆ ಅಕ್ಕ? ಕೇಳ್ತಿದಾರೆ ಇವರೆಲ್ಲ.”

ಹೇಳಿದೆ. ಆ ಸಾಲು ತೆಗೆದವಳು ನಾನು. ಜಾಗ ಸಾಲಲಿಲ್ಲ ಎಂದು ತೆಗೆದೆ. ಯಾರೂ ಬರುವುದಿಲ್ಲ.

“ಇವರಿಗೆ ಏನು ಹೇಳ್ಲಿ ಈಗ?” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೈನ್ ಹೋಯಿತು.

ಅದೇ ದಿನ, 3.40

ಹದಿನೇಳಕ್ಕೆ ಸಂತಾಪ ಪತ್ರ ಬರೆಯಬೇಕಂತೆ. ಬೆಳಿಗ್ಗೆ ಯಾವುದೋ ಕಟ್ಟಡಕ್ಕೆ ಬಾಂಬು ಬಿದ್ದಿದೆ. “ಯಾವ ಕಟ್ಟಡ ಅಂತ ಚೀಟಿ ಕಳಿಸ್ತೀನಿ, ಆ ಜಾಗ ಖಾಲಿ ಬಿಡಿ” ಎಂದರು ಅಲ್ಪವಿರಾಮ. ನನ್ನ ಮುಖ ನೋಡಲಿಲ್ಲ.

ಉಳಿದದ್ದೆಲ್ಲ ಟೈಪ್ ಮಾಡಿದ್ದೇನೆ. ಐದಕ್ಕೆ ಸಹಿ.

ಚೀಟಿ ಬಂದಿದೆ. ನಾಲ್ಕಾಗಿ ಮಡಚಿದ್ದಾರೆ. ಅವಳ ಫೋನ್ ರಿಂಗ್ ಆಗುತ್ತಿಲ್ಲ. ಇನ್ನೊಂದೇ ಒಂದು ಸಲ ಮಾಡಿ ನೋಡಿ, ಆಮೇಲೆ ಚೀಟಿ ಬಿಡಿಸುತ್ತೇನೆ.