ಒಂದು ವೋಟಿನ ಪುಟ

ಮನೆಯಿಂದ,
ಮಾರ್ಚ್ 12, ಗುರುವಾರ ಬೆಳಿಗ್ಗೆ

ಮುದ್ದಿನ ಗುಬ್ಬಿ,

ಹೇಗಿದ್ದೀಯಾ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲ್ಲಿನಲ್ಲಿ ಬಿಸಿನೀರು ಕೊಡದಿದ್ದರೆ ವಾರ್ಡನ್ ಹತ್ತಿರ ಜಗಳಕ್ಕೆ ನಿಲ್ಲು, ಅಜ್ಜಿಯ ಮೊಮ್ಮಗಳಲ್ಲವೇ ನೀನು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನಜ್ಜಿ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ, ಅದಕ್ಕೇ ಈ ಕಾಗದ.

ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ ನೀನು ನಮ್ಮ ವಾರ್ಡಿನ ಆ ಹಳೇ ಚುನಾವಣೆಯ ಪುಟ ಬರೆದಾಗಿನಿಂದ ನಿನ್ನಜ್ಜಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅಳತೆ ತೆಗೆಯುವ ಮೊದಲು ಫೋನು ತೋರಿಸುತ್ತಿದ್ದಳು: ತನಗೆ 412 ವೋಟು, ಗೆದ್ದ ಸೋಡಾ ಅಂಗಡಿಯವನಿಗೆ 413. ಈಗ ಪುಟದ ತಲೆಯ ಮೇಲೆ ಅಳಿಸುವ ನೋಟಿಸು ಬಂದ ಮೇಲೆ ಹೊಲಿಗೆ ಮಿಷನ್ನಿನ ಸದ್ದೇ ಇಲ್ಲ. "ಅವತ್ತು ಒಂದು ವೋಟಲ್ಲಿ ಸೋಲಿಸಿದ್ರು, ಈಗ ನಿಂತಿದ್ದೇ ಇಲ್ಲ ಅಂತಾರಲ್ರೀ" ಎಂದು ನಿನ್ನೆ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ನಾನೂ ತಟ್ಟೆ ಸರಿಸಿ ಎದ್ದೆ. ಅಲ್ಲಿ ಚರ್ಚೆ ಮಾಡುವವರದ್ದೂ ಪೂರ್ತಿ ತಪ್ಪಲ್ಲ ಬಿಡು. ಬೀದಿಗೊಂದು ಚುನಾವಣೆ ಬರೆಯುತ್ತಾ ಹೋದರೆ ವಿಶ್ವಕೋಶ ಗುಜರಿ ಅಂಗಡಿಯಾಗುತ್ತದೆ ಅನ್ನುತ್ತಾರೆ, ಅದೂ ನಿಜವೇ. ಆದರೆ ನಮ್ಮ ಬೀದಿಗೆ ದೀಪ ಬಂದದ್ದು, ಮೋರಿಗೆ ಚಪ್ಪಡಿ ಬಿದ್ದದ್ದು ಆ ಚುನಾವಣೆಯಿಂದ. ಸೋತ ಮಾರನೇ ದಿನವೇ ಇವಳು ಗೆದ್ದವನ ಅಂಗಡಿ ಮುಂದೆ ಸ್ಟೂಲು ಹಾಕಿಕೊಂಡು ಕೂತು ಎಲ್ಲ ಮಾಡಿಸಿದಳು. ದೊಡ್ಡ ಚುನಾವಣೆಗಳನ್ನು ಬರೆಯಲು ಸಾವಿರ ಜನ ಇದ್ದಾರೆ, ಇದನ್ನು ನೀನೂ ಬಿಟ್ಟರೆ ಇನ್ಯಾರು ಬರೆಯುತ್ತಾರೆ?

ಮುಂದಿನ ಗುರುವಾರದೊಳಗೆ ಪತ್ರಿಕೆಯ ಸುದ್ದಿಯೊಂದನ್ನಾದರೂ ಆಧಾರವಾಗಿ ತೋರಿಸದಿದ್ದರೆ ಪುಟ ಹೋಗುತ್ತದೆ ಅಂದೆಯಲ್ಲ, ಆಗ ಆ ಸುದ್ದಿ ಹಾಕಿದ್ದ ಊರಿನ ಪತ್ರಿಕೆ ನಿಂತು ಎಷ್ಟೋ ವರ್ಷವಾಯಿತು. ಅಜ್ಜಿ ಟ್ರಂಕು, ಅಟ್ಟ, ಹಾಸಿಗೆಯ ಅಡಿ ಎಲ್ಲ ಜಾಲಾಡಿದಳು. ನಾನು ಟಾರ್ಚು ಹಿಡಿದುಕೊಂಡು ನಿಂತಿದ್ದೆ. ಫಲಿತಾಂಶ ಬಂದ ಮರುದಿನ ನಮ್ಮ ಬೀದಿಯಲ್ಲಿ ಒಬ್ಬರಿಗೂ ಪೇಪರ್ ಸಿಗಲಿಲ್ಲವಲ್ಲ ಎಂದು ಅವಳಿಗೆ ಇವತ್ತಿಗೂ ಆಶ್ಚರ್ಯ.

ಹೊತ್ತುಹೊತ್ತಿಗೆ ಊಟ ಮಾಡು ಕಂದಾ. ನಿನ್ನ ಪರೀಕ್ಷೆ ಸುಸೂತ್ರವಾಗಿ ಮುಗಿಯಲಿ ಎಂದು ಇಬ್ಬರ ಆಶೀರ್ವಾದ.

ನಿನ್ನ
ಆಟೋ ತಾತ

ತಾ.ಕ.: ಪೇಪರಿನ ತುಂಡು ಈ ಕವರಿನಲ್ಲೇ ಇದೆ. ಇಷ್ಟು ವರ್ಷ ಆಟೋ ಸೀಟಿನ ಕೆಳಗೆ ಇಟ್ಟಿದ್ದೆ. ಆ ಬೆಳಿಗ್ಗೆ ಮೂಲೆಯಂಗಡಿಯ ಪೇಪರನ್ನೆಲ್ಲ ಕೊಂಡವನು ನಾನೇ. ಸುದ್ದಿಯ ಕೊನೇ ಸಾಲು ಓದು: ಸೋತ ಅಭ್ಯರ್ಥಿಯ ಗಂಡನೇ ಮತ ಹಾಕಿಲ್ಲ. ದಿನವಿಡೀ ಬೇರೆಯವರನ್ನು ಬೂತಿಗೆ ತಂದಿಳಿಸಿದೆ ಗುಬ್ಬಿ, ಇನ್ನೊಂದು ಟ್ರಿಪ್ಪು, ಇನ್ನೊಂದು ಟ್ರಿಪ್ಪು ಅಂತ. ನಾನು ಒಳಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿತ್ತು. ನನ್ನದೊಂದು ಬಿದ್ದಿದ್ದರೆ ಸಮಸಮ ಆಗಿ ಚೀಟಿ ಎತ್ತುತ್ತಿದ್ದರು. ವೋಟು ಹಾಕಿದೆ ಎಂದು ಅವಳಿಗೆ ಸುಳ್ಳು ಹೇಳಿದ್ದೆ. ಆ ಸಾಲನ್ನು ಕತ್ತರಿಸಿ ಕಳಿಸೋಣವೆಂದು ಎರಡು ಸಲ ಅವಳ ಕತ್ತರಿ ಕೈಗೆತ್ತಿಕೊಂಡೆ, ಮನಸ್ಸು ಬರಲಿಲ್ಲ. ಈ ಮಂಡಿ ಇಟ್ಟುಕೊಂಡು ಅಂಚೆ ಡಬ್ಬಿಯವರೆಗೆ ನಡೆಯಲಾರೆ, ಕವರನ್ನು ಅವಳ ಕೈಗೇ ಕೊಡುತ್ತಿದ್ದೇನೆ. ಅಂಟಿಸಿಲ್ಲ. ಬಿಚ್ಚಿ ನೋಡದೆ ಬಿಡುವವಳಲ್ಲ ಅವಳು.